ಎಷ್ಟು ಹೊತ್ತು ಕಾಯಬೇಕು?

ಕಾಯುವುದನ್ನು ನಮ್ಮ ಹಿರಿಯರು ದೊಡ್ಡ ಗುಣವೆಂದು ಎಣಿಸಿದರು. ಶಬರಿ ಕಾದಳು, ಊರ್ಮಿಳೆ ಕಾದಳು, ಭರತನು ಪಾದುಕೆಗಳನ್ನು ಮುಂದಿಟ್ಟುಕೊಂಡು ಹದಿನಾಲ್ಕು ವರ್ಷ ಕಾದನು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಕಾಯುವವನ ಧರ್ಮವನ್ನು ಇಷ್ಟು ವಿಸ್ತಾರವಾಗಿ ಹೇಳಿದ ನಾವು ಕಾಯಿಸುವವನ ಧರ್ಮದ ಮಾತೆತ್ತಿದ್ದು ಮಾತ್ರ ಕಡಮೆ. ಈ ವಿಚಾರ ನನಗೂ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದ್ದು ಗೋಪಿನಾಥಂನಲ್ಲಿ ಕಳೆದ ಒಂದು ಸಂಜೆ.

ನನ್ನ ಕಸುಬನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡು, ಭಾಷಣ, ನಾಟಕಗಳನ್ನು ಅಂತರಜಾಲದ ಮೂಲಕ ಮೊಬೈಲಿಗೆ ತಂದು ಕೇಳಿಸುವ ತಂತ್ರಾಂಶವನ್ನು ಬರೆಯುವುದು ನನ್ನ ಕೆಲಸ. ದೂರದಲ್ಲೆಲ್ಲೋ ಸರ್ವರ್ ಎಂಬ ಯಂತ್ರವಿರುತ್ತದೆ. ಅದು ಕಳುಹಿಸುತ್ತದೆ, ನಿಮ್ಮ ಕೈಯಲ್ಲಿರುವ ಮೊಬೈಲು ಕೇಳಿಸಿಕೊಳ್ಳುತ್ತದೆ. ನಡುವಿನ ಸಂಪರ್ಕ ತಪ್ಪಿದಾಗ ಮೊಬೈಲು ಹೇಗೆ ನಡೆದುಕೊಳ್ಳಬೇಕೆಂದು ಗೊತ್ತುಮಾಡುವುದು ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು. ಅದು ಬರಿಯ ಯಂತ್ರದ ಪ್ರಶ್ನೆಯೆಂದೇ ನಾನು ಬಹುಕಾಲ ತಿಳಿದಿದ್ದೆ.

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ, ಅಲ್ಲಿಂದ ಪಾಲಾರಿನತ್ತ ಇಳಿದು, ಮತ್ತೂ ಮುಂದೆ ಕಾಡಿನ ನಡುವೆ ಸಾಗಿದರೆ ಗೋಪಿನಾಥಂ. ಆಚೆಗೆ ಹೊಗೇನಕಲ್ಲು, ತಮಿಳುನಾಡು. ಊರಿನಲ್ಲಿ ತಮಿಳೂ ಕನ್ನಡವೂ ಕೂಡಿಯೇ ಬದುಕುತ್ತವೆ. ಕಾಡು ನೋಡುವ ನೆಪದಲ್ಲಿ ಸ್ನೇಹಿತನೊಬ್ಬನೊಡನೆ ಹೋದ ನಾನು, ಅವನಿಗೆ ಪರಿಚಯವಿದ್ದ ಯಜಮಾನರೊಬ್ಬರ ಜಗುಲಿಯಲ್ಲಿ ಕುಳಿತಿದ್ದೆ. ಎಪ್ಪತ್ತು ದಾಟಿದ ವಯಸ್ಸು. ಅಂದು ಸಂಜೆ ಆರು ಗಂಟೆಗೆ ಒಂದು ರೇಡಿಯೊ ನಿಲಯದ ಮಕ್ಕಳ ಕಾರ್ಯಕ್ರಮದಲ್ಲಿ ಅವರ ಮೊಮ್ಮಗಳು ಹಾಡುವವಳಿದ್ದಳು. ಮನೆಯ ಹಳೆಯ ರೇಡಿಯೊ ಕೆಟ್ಟು ಅಟ್ಟ ಸೇರಿತ್ತು. ಆದುದರಿಂದ ಮಗನು ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಟ್ಟು, ಒತ್ತಬೇಕಾದ ಗುಂಡಿಯನ್ನು ತೋರಿಸಿ ಹೋಗಿದ್ದ.

ಆರಕ್ಕೆ ಐದು ನಿಮಿಷವಿರುವಾಗ ಯಜಮಾನರು ಗುಂಡಿಯನ್ನು ಒತ್ತಿದರು. ಯಾವುದೋ ಹಳೆಯ ಹಾಡಿನ ಕೊನೆಯ ಚರಣ ಬಂತು. ಅವರ ಮುಖ ಅರಳಿತು. ಅರ್ಧ ನಿಮಿಷ ಕೇಳಿಸಿ ಹಾಡು ನಿಂತಿತು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಅವರು ನನ್ನ ಕಡೆ ತಿರುಗಿ, "ಇದೇನು ಸಾಮಿ, ನಿಂತೋಯ್ತಲ್ಲ? ನೀವು ಇದೇ ಕೆಲ್ಸದೋರಂತೆ," ಎಂದರು. ನಾನು ಗಾಂಭೀರ್ಯದಿಂದ ಮೊಬೈಲನ್ನು ನೋಡಿ, "ಚಕ್ರ ತಿರುಗುತ್ತಿದೆಯಲ್ಲ ಯಜಮಾನರೆ, ಬರುತ್ತದೆ, ತಾಳಿ," ಎಂದೆ.

ನಾವು ತಾಳಿದೆವು. ಆರು ಹೊಡೆಯಿತು, ಆರೂಕಾಲಾಯಿತು. ಯಜಮಾನರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ತಟ್ಟೆಯನ್ನು ಹಿಡಿದವರಂತೆ ಅಲುಗದೆ ಕುಳಿತಿದ್ದರು. ಆರೂವರೆಯ ಹೊತ್ತಿಗೆ ನಾಲ್ಕು ಹುಡುಗರು ಊರ ಹಿಂದಿನ ಗುಡ್ಡದಿಂದ ಓಡಿ ಬಂದು, "ತಾತ, ಎಷ್ಟ್ ಚೆನ್ನಾಗಿ ಹಾಡುದ್ಲು!" ಎಂದು ಕೂಗಿದರು. ಗುಡ್ಡದ ತಲೆಯಲ್ಲಿ ಟವರ್ ಸಿಗುತ್ತದೆಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಯಜಮಾನರಿಗೂ ಗೊತ್ತಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ಮೊಬೈಲನ್ನು ಕೆಳಗಿಟ್ಟು ಇಷ್ಟೇ ಹೇಳಿದರು: "ಇಲ್ಲ ಅಂದ್ಬುಟ್ಟಿದ್ರೆ ಗುಡ್ಡ ಹತ್ಬುಡ್ತಿದ್ದೆ ಸಾಮಿ. ಸುತ್ತುತಾನೇ ಇತ್ತಲ್ಲ, ಬತ್ತದೆ ಅನ್ಕಂಡೆ."

ಆ ಆಪ್ ನಾನು ಬರೆದದ್ದಲ್ಲ. ಆದರೆ ನಾನು ಬರೆದುದರಲ್ಲಿಯೂ ಅಂಥದೇ ಚಕ್ರ ತಿರುಗುತ್ತಿತ್ತು. ಹಾಗಾಗಿ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಆ ಚಕ್ರದ ಹಿಂದೆ ನಡೆಯುವುದೇನೆಂದು ಸ್ವಲ್ಪ ಹೇಳಬೇಕು. ಸರ್ವರ್ ಧ್ವನಿಯನ್ನು ಕೆಲವು ಸೆಕೆಂಡುಗಳ ತುಣುಕುಗಳನ್ನಾಗಿ ಮಾಡಿ ಕಳುಹಿಸುತ್ತದೆ. ಮೊಬೈಲು ಬಂದದ್ದನ್ನು ಬಂದಂತೆ ನುಡಿಸುವುದಿಲ್ಲ. ಒಂದಷ್ಟನ್ನು ಕಣಜದಲ್ಲಿ ತುಂಬಿಕೊಂಡು ಅಲ್ಲಿಂದ ತೆಗೆದು ನುಡಿಸುತ್ತದೆ. ದಾರಿ ಒಂದು ಕ್ಷಣ ಕೆಟ್ಟರೂ ಕೇಳುವವನಿಗೆ ತೊಡಕಾಗದಿರಲೆಂದು ಈ ಏರ್ಪಾಡು. ಇದು ಒಳ್ಳೆಯದೇ. ಮನೆಯಲ್ಲಿ ಅಕ್ಕಿ ಮುಗಿಯುತ್ತ ಬಂದದ್ದನ್ನು ಮಕ್ಕಳಿಗೆ ತಿಳಿಯಗೊಡದ ತಾಯಿಯ ಜಾಣತನ ಇದರಲ್ಲಿದೆ. ಆದರೆ ಕಣಜ ಬರಿದಾದ ಮೇಲೂ ಒಲೆಯ ಮೇಲೆ ಬರಿಯ ನೀರನ್ನು ಕುದಿಸುತ್ತ, ಅನ್ನ ಬೇಯುತ್ತಿದೆಯೆಂದು ನಂಬಿಸುತ್ತ ಕುಳಿತರೆ ಅದು ಜಾಣತನವಲ್ಲ. ನಮ್ಮ ಚಕ್ರ ಮಾಡುವುದು ಇದನ್ನೇ. ಕೆಲಸ ನಡೆದಿರಲಿ, ನಡೆಯದಿರಲಿ, ಅದು ಒಂದೇ ಸಮನೆ ತಿರುಗುತ್ತದೆ. ತಿರುಗುವುದನ್ನು ನೋಡಿದವನು ಯಾರೋ ಪ್ರಯತ್ನಪಡುತ್ತಿದ್ದಾರೆಂದು ತಿಳಿಯುತ್ತಾನೆ.

ಎರಡು ಯಂತ್ರಗಳು ಮಾತಾಡಿಕೊಳ್ಳುವಾಗ ಒಂದು ಯಂತ್ರ ಹೇಳಿ ಹೊರಟರೆ ಇನ್ನೊಂದಕ್ಕೆ ಆ ಸಂಗತಿ ತಿಳಿಯುತ್ತದೆ. ಹೇಳದೆ ಹೋದರೆ, ಎಂದರೆ ಅದರ ವಿದ್ಯುತ್ತು ನಿಂತರೆ, ನಡುವಣ ತಂತಿ ತುಂಡಾದರೆ, ಬೆಟ್ಟ ಅಡ್ಡವಾದರೆ, ಕೇಳುತ್ತ ಕುಳಿತ ಯಂತ್ರಕ್ಕೆ ಸುಳಿವೇ ಸಿಗುವುದಿಲ್ಲ. ತಾನಾಗಿ ಏನನ್ನೂ ಕೇಳದೆ ಬರಿಯ ಕಿವಿಯಾಗಿ ಕುಳಿತ ಯಂತ್ರ, ಗಡುವು ಹಾಕಿಕೊಡದಿದ್ದರೆ, ಕೊನೆಯಿಲ್ಲದೆ ಕುಳಿತಿರಬಲ್ಲದು. "ಇದ್ದೀಯಾ?" ಎಂದು ಆಗಾಗ ವಿಚಾರಿಸುವ ಪದ್ಧತಿಯೊಂದುಂಟು. 1989ರಲ್ಲಿ ಅಂತರಜಾಲದ ನಿಯಮಗಳನ್ನು ಬರೆದ ಪಂಡಿತರು ಅದರ ಬಗೆಗೆ ವಿಧಿಸಿದ್ದು ಕುತೂಹಲಕರವಾಗಿದೆ: ಈ ವಿಚಾರಣೆ ತಾನಾಗಿ ನಡೆಯತಕ್ಕದ್ದಲ್ಲ, ಬೇಕೆಂದವರು ಇಟ್ಟುಕೊಳ್ಳಬೇಕು, ಇಟ್ಟುಕೊಂಡವರೂ ಬೇರೆ ಅವಧಿಯನ್ನು ಗೊತ್ತುಮಾಡದಿದ್ದರೆ, ಮೌನ ಆರಂಭವಾಗಿ ಎರಡು ಗಂಟೆಗೆ ಕಡಮೆಯಿಲ್ಲದಷ್ಟು ಹೊತ್ತು ಕಳೆದ ಮೇಲೆಯೇ ಮೊದಲ ಸಲ ಕೇಳಬೇಕು. ಅವರ ಮನಸ್ಸಿನಲ್ಲಿದ್ದ ಕಾರಣ ಯೋಗ್ಯವಾದದ್ದೇ. ಕ್ಷಣಕಾಲದ ತೊಡಕನ್ನು ಸಾವೆಂದು ಭ್ರಮಿಸಿ ಒಳ್ಳೆಯ ಸಂಪರ್ಕವನ್ನು ಕಡಿದುಹಾಕಬಾರದು ಎಂದು ಅವರ ಅಂಜಿಕೆ. ದುಡುಕಿ ಬಿಟ್ಟುಬಿಡುವುದೂ ತಪ್ಪು, ಮಂಕಾಗಿ ಕಾಯುತ್ತ ಕೂರುವುದೂ ತಪ್ಪು. ಹಾಗಾದರೆ ಎಷ್ಟು ಹೊತ್ತು ಕಾಯಬೇಕು?

ಇದಕ್ಕೆ ಲೆಕ್ಕ ಹಾಕಿ ಉತ್ತರ ಹೇಳಬಹುದೆಂದು ಒಂದು ಕಾಲಕ್ಕೆ ನಾನು ನಂಬಿದ್ದೆ. 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಪ್ರಮೇಯ ಆ ನಂಬಿಕೆಯನ್ನು ಅಲುಗಿಸಿತು. ಸಂದೇಶ ಬರಲು ಇಂತಿಷ್ಟೇ ಹೊತ್ತು ಎಂಬ ಮಿತಿ ಇಲ್ಲದಿರುವ ಕಡೆ, ಹಲವು ಯಂತ್ರಗಳಲ್ಲಿ ಒಂದೇ ಒಂದು ಹೇಳದೆ ಸಾಯುವ ಸಂಭವವಿದ್ದರೂ, ಉಳಿದವು ತಪ್ಪದೆ ಒಮ್ಮತಕ್ಕೆ ಬರುತ್ತವೆಂದು ಭರವಸೆ ಕೊಡುವ ಕ್ರಮ ಇರಲಾರದು ಎಂದು ಅವರು ಸಾಧಿಸಿದರು. ಅದರ ಬೇರಿನಲ್ಲಿರುವ ಮಾತು ಸರಳವಾದದ್ದು. ದೂರದಲ್ಲಿರುವವನು ತಡಮಾಡುತ್ತಿದ್ದಾನೆಯೋ, ಇಲ್ಲವಾಗಿದ್ದಾನೆಯೋ ಎಂಬುದನ್ನು ಮೌನವೊಂದರಿಂದಲೇ ತಿಳಿಯಲು ಬರುವುದಿಲ್ಲ. ಹೊರಗಿನಿಂದ ಎರಡು ಮೌನಗಳೂ ಒಂದೇ ಬಣ್ಣ.

ಈ ಮಾತಿಗೆ ಪ್ರಮಾಣ ಬೇಕಾದರೆ ನಮ್ಮ ಸೀಮೆಯವರು ಗಣಿತಶಾಸ್ತ್ರಕ್ಕೆ ಹೋಗಬೇಕಾಗಿಲ್ಲ. ಗೋಪಿನಾಥಂ ವೀರಪ್ಪನ್ ಹುಟ್ಟಿದ ಊರು. 2000ದ ಜುಲೈ 30ರ ರಾತ್ರಿ ಅವನು ಗಾಜನೂರಿನಿಂದ ಡಾ. ರಾಜಕುಮಾರರನ್ನು ಕಾಡಿಗೆ ಕರೆದೊಯ್ದನು. ಕ್ಯಾಸೆಟ್ಟುಗಳಲ್ಲಿ ಮಾತು ಬರುತ್ತಿತ್ತು, ಸಂಧಾನಕಾರರು ಹೋಗಿ ಬರುತ್ತಿದ್ದರು, ನಡುನಡುವೆ ದಿನಗಟ್ಟಲೆ ಏನೂ ಇಲ್ಲ. ನಾಡೆಲ್ಲ ರೇಡಿಯೊದ ಮುಂದೆ, ದೂರದರ್ಶನದ ಮುಂದೆ ಕಿವಿ ತೆರೆದು ಕುಳಿತಿತು. 108 ದಿನಗಳ ಮೇಲೆ, ನವೆಂಬರ್ 15ರಂದು ಅವರು ಬಿಡುಗಡೆಯಾದರು. ಎರಡು ವರ್ಷದ ತರುವಾಯ, 2002ರ ಆಗಸ್ಟ್ 25ರಂದು, ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದಲೇ ಕರೆದೊಯ್ದರು. ಮತ್ತೆ ಕಾಡಿನ ಮೌನ, ಮತ್ತೆ ಮೂರೂವರೆ ತಿಂಗಳ ಕಾಯುವಿಕೆ. ಡಿಸೆಂಬರ್ 8ರಂದು ದೊರೆತದ್ದು ಅವರ ಶವ.

ಈ ಎರಡು ಕಾಯುವಿಕೆಗಳಿಗೆ ಹೆಚ್ಚುಕಡಮೆ ಒಂದೇ ಅಳತೆ. ತೊಂಬತ್ತನೆಯ ದಿನ ಗಾಜನೂರಿನ ಮನೆಯವರಿಗೆ ತಿಳಿದಿದ್ದುದಕ್ಕೂ ಕಾಮಗೆರೆಯ ಮನೆಯವರಿಗೆ ತಿಳಿದಿದ್ದುದಕ್ಕೂ ಎಷ್ಟು ವ್ಯತ್ಯಾಸವಿದ್ದೀತು? ಮುಗಿದ ಮೇಲೆ, "ಅವರು ಬಂದೇ ಬರುತ್ತಾರೆಂದು ನನಗೆ ಗೊತ್ತಿತ್ತು" ಎಂದವರೂ ಉಂಟು, "ಇದು ಹೀಗೇ ಆಗುತ್ತದೆಂದು ಅಂದೇ ಅಂದುಕೊಂಡೆ" ಎಂದವರೂ ಉಂಟು. ಯಾರಿಗೂ ಏನೂ ಗೊತ್ತಿರಲಿಲ್ಲ. ಎಷ್ಟು ಹೊತ್ತು ಕಾಯಬೇಕೆಂಬುದು ತಿಳಿವಳಿಕೆಯಿಂದ ತೀರುವ ಪ್ರಶ್ನೆಯಲ್ಲ. ನಾವೇ ಎದೆ ಗಟ್ಟಿಮಾಡಿಕೊಂಡು ನಿಶ್ಚಯಿಸಬೇಕಾದ ಪ್ರಶ್ನೆ. ಪ್ರೀತಿ ಎಷ್ಟು, ಪ್ರಯೋಜನ ಎಷ್ಟು, ಕಾಯುವಾಗ ಕೈಬಿಟ್ಟು ಹೋಗುವ ಬೇರೆ ಕೆಲಸವೇನು ಎಂಬುದನ್ನೆಲ್ಲ ತೂಗಿ ನೋಡಿ ನಿಶ್ಚಯಿಸಬೇಕು.

ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ನಡುವಣ ದಾರಿಯಿದೆ. ಸಂಪರ್ಕ ತಪ್ಪಿದೊಡನೆ ಮತ್ತೆ ಕರೆದು ನೋಡು. ಉತ್ತರವಿಲ್ಲದಿದ್ದರೆ ಒಂದು ಸೆಕೆಂಡು ಬಿಟ್ಟು ಕರೆ. ಆಮೇಲೆ ಎರಡು, ನಾಲ್ಕು, ಎಂಟು, ಹದಿನಾರು ಎಂದು ಬಿಡುವನ್ನು ಇಮ್ಮಡಿಸುತ್ತ ಹೋಗು. 1976ರಲ್ಲಿ ಮೆಟ್‌ಕಾಫ್ ಮತ್ತು ಬಾಗ್ಸ್ ಎಂಬವರು ಈಥರ್‌ನೆಟ್ಟನ್ನು ವಿವರಿಸುವಾಗ ಹೇಳಿದ ಉಪಾಯವೂ ಇದೇ ಜಾತಿಯದು: ಒಂದೇ ತಂತಿಯ ಮೇಲೆ ಇಬ್ಬರು ಒಟ್ಟಿಗೆ ಮಾತಾಡಿ ಮಾತು ಕಲಸಿಹೋದರೆ, ಇಬ್ಬರೂ ಸುಮ್ಮನಾಗಿ, ಬೇರೆಬೇರೆ ಹೊತ್ತು ತಡೆದು, ಮತ್ತೆ ಆರಂಭಿಸಬೇಕು, ಘರ್ಷಣೆ ಹೆಚ್ಚಿದಷ್ಟೂ ತಡೆಯುವ ಹೊತ್ತೂ ಹೆಚ್ಚಬೇಕು. ಇದರಲ್ಲಿ ಬಹು ದೊಡ್ಡ ಸೌಜನ್ಯವಿದೆ. ಸರ್ವರೊಂದು ಬಿದ್ದಾಗ ಅದನ್ನು ಕೇಳುತ್ತಿದ್ದ ಸಾವಿರಾರು ಮೊಬೈಲುಗಳು ಕ್ಷಣ ಬಿಡದೆ ಕೂಗಿದರೆ, ಅದು ಏಳುವ ಹೊತ್ತಿಗೆ ಕೂಗಿನ ಭಾರಕ್ಕೇ ಮತ್ತೆ ಬೀಳುತ್ತದೆ. ಶಿವರಾತ್ರಿಯ ಜಾತ್ರೆ ಮುಗಿದು ಮಾದಪ್ಪನ ಬೆಟ್ಟದಿಂದ ಹೊರಡುವ ಬಸ್ಸಿನ ಬಾಗಿಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಒಮ್ಮೆಗೇ ನುಗ್ಗಿದರೆ ಯಾರೂ ಹತ್ತಲಾರರು. ನನ್ನ ಆತುರ ಎಷ್ಟು ಪ್ರಾಮಾಣಿಕವಾದುದಾದರೂ, ಅದು ಇನ್ನೊಬ್ಬನ ಕುತ್ತಿಗೆಯ ಮೇಲೆ ಬೀಳುವ ಭಾರವೆಂಬುದನ್ನು ನೆನೆಯಬೇಕು. ದುಃಖದಲ್ಲಿರುವ ಮಿತ್ರನಿಗೆ ಗಂಟೆಗೆ ನಾಲ್ಕು ಬಾರಿ ದೂರವಾಣಿ ಮಾಡಿ "ಹೇಗಿದ್ದೀಯ?" ಎನ್ನುವವರಿಗೂ ಇದು ಸಲ್ಲುತ್ತದೆ. ಬಿಡುವು ಕೊಡುವುದೆಂದರೆ ಕೈಬಿಡುವುದಲ್ಲ.

ಆದರೆ ಈ ನಿಯಮ ಎಲ್ಲವನ್ನೂ ಅಳೆಯಲಾರದು. ಮರುದಿನ ಬೆಳಗ್ಗೆ ಊರಿನ ಮಾರಿಯಮ್ಮನ ಗುಡಿಗೆ ಹೋದೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಕಟ್ಟಿಸಿದ ಗುಡಿ ಅದು. ಅವರ ಭಾವಚಿತ್ರಕ್ಕೂ ಅಲ್ಲಿ ಪೂಜೆ ಸಲ್ಲುತ್ತದೆ. ಅವರು ಆ ಊರಿನಲ್ಲೇ ನೆಲಸಿ, ಜನರಿಗೆ ಕುಡಿಯುವ ನೀರನ್ನೂ ಔಷಧವನ್ನೂ ಒದಗಿಸಿ, ಕಾಡುಗಳ್ಳರ ಗುಂಪಿನಲ್ಲಿದ್ದವರನ್ನು ಮಾತಿನಿಂದಲೇ ಹೊರಗೆ ತರಲು ಹೆಣಗಿದರು. ಎಲ್ಲರೂ ಕೈಬಿಟ್ಟ ಮನುಷ್ಯನನ್ನೂ ಅವರು ಕೈಬಿಡಲಿಲ್ಲ. ಶರಣಾಗುವೆನೆಂದು ಬಂದ ಮಾತನ್ನು ನಂಬಿ, ನಿರಾಯುಧರಾಗಿ ಕಾಡಿಗೆ ಹೋದರು. 1991ರ ನವೆಂಬರ್ 10ರಂದು ಅವರ ಕೊಲೆಯಾಯಿತು. ಸರ್ಕಾರ ಮರಣೋತ್ತರವಾಗಿ ಕೀರ್ತಿ ಚಕ್ರವನ್ನು ಕೊಟ್ಟಿತು.

ನನ್ನ ತಂತ್ರಾಂಶದ ಕಣ್ಣಿನಿಂದ ನೋಡಿದರೆ ಅವರು ಮಾಡಿದ್ದು ತಪ್ಪು. ಇಷ್ಟು ಬಾರಿ ಪ್ರಯತ್ನಿಸು, ಆಮೇಲೆ ನಿಲ್ಲಿಸು ಎಂಬ ಗಡುವನ್ನು ಅವರು ಇಟ್ಟುಕೊಳ್ಳಲಿಲ್ಲ. ಆದರೂ ಆ ಗುಡಿಯ ಮುಂದೆ ನಿಂತು ಅದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಒಂದು ಭೇದ ಕಾಣಿಸಿತು. ಶ್ರೀನಿವಾಸರು ತಮ್ಮದನ್ನು ತಾವೇ ಒಡ್ಡಿದರು. ಅಪಾಯವಿದೆಯೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಮಿತಿಯಿಲ್ಲದೆ ಕಾಯುವ, ಮತ್ತೆ ಮತ್ತೆ ಕರೆಯುವ ಹಕ್ಕು ಮನುಷ್ಯನಿಗೆ ಉಂಟು. ಆದರೆ ಅದು ಅವನು ಕಣ್ಣು ತೆರೆದು ಆರಿಸಿಕೊಳ್ಳಬೇಕಾದ ಹಕ್ಕು. ಯಜಮಾನರು ಆ ಸಂಜೆ ಏನನ್ನೂ ಆರಿಸಿಕೊಳ್ಳಲಿಲ್ಲ. ಚಕ್ರವೂ ನಾನೂ ಸೇರಿ ಅವರ ಪರವಾಗಿ ಆರಿಸಿದೆವು. "ಸಂಪರ್ಕ ಹೋಗಿದೆ, ಯಾವಾಗ ಬರುವುದೋ ನನಗೆ ತಿಳಿಯದು" ಎಂದು ನಾನು ಹೇಳಿದ್ದರೆ ಅವರು ಗುಡ್ಡ ಹತ್ತುತ್ತಿದ್ದರು. ಅಥವಾ ಮಂಡಿನೋವೆಂದು ಜಗುಲಿಯಲ್ಲೇ ಉಳಿಯುತ್ತಿದ್ದರು. ಯಾವುದಾದರೂ ಅವರದಾಗಿರುತ್ತಿತ್ತು. "ಬರುತ್ತದೆ" ಎಂಬ ನನ್ನ ಒಂದು ಮಾತು ಅವರ ಅರ್ಧ ಗಂಟೆಯನ್ನು ಮಾತ್ರ ತಿನ್ನಲಿಲ್ಲ, ಅವರ ಕಾಲುಗಳನ್ನೇ ಕಟ್ಟಿಹಾಕಿತು. ಸುಳ್ಳು ಹೇಳಬೇಕೆಂದು ನಾನು ಹೇಳಲಿಲ್ಲ. ಸಮಾಧಾನವಾಗಲೆಂದು ಹೇಳಿದೆ. ನಾವು ಆಡುವ ಸುಳ್ಳುಗಳಲ್ಲಿ ಬಹುಪಾಲು ಹೀಗೇ ಹುಟ್ಟುತ್ತವೆ.

ಭರತನ ಕಥೆಗೆ ಮತ್ತೆ ಬರಬೇಕು. ಅವನು ಕಾದದ್ದನ್ನು ಹೊಗಳುವ ನಾವು ಎರಡು ವಿವರಗಳನ್ನು ಮರೆಯುತ್ತೇವೆ. ಮೊದಲನೆಯದು, ಭರತನು ಗಡುವಿಟ್ಟುಕೊಂಡೇ ಕಾದನು: ಹದಿನಾಲ್ಕು ವರ್ಷ ತುಂಬಿದ ಮರುದಿನ ಅಣ್ಣನನ್ನು ಕಾಣದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಚಿತ್ರಕೂಟದಲ್ಲೇ ಹೇಳಿಬಿಟ್ಟಿದ್ದನು. ಎರಡನೆಯದು ಇನ್ನೂ ಮುಖ್ಯವಾದುದು. ಕಾಯಿಸಿದ ರಾಮನು ಆ ಗಡುವನ್ನು ಮರೆಯಲಿಲ್ಲ. ಲಂಕೆಯಿಂದ ಬರುವಾಗ ತಾನು ಅಯೋಧ್ಯೆಯನ್ನು ಸೇರುವುದಕ್ಕೆ ಮೊದಲೇ ಹನುಮಂತನನ್ನು ನಂದಿಗ್ರಾಮಕ್ಕೆ ಓಡಿಸಿದನು. ಬರುತ್ತಿದ್ದೇನೆಂಬ ಮಾತು ಬರುವವನಿಗಿಂತ ಮುಂದೆ ಹೋಯಿತು. ಕಾಯಿಸುವವನ ಧರ್ಮವನ್ನು ಯಾರೂ ಹೇಳಿಲ್ಲವೆಂದು ಮೊದಲಲ್ಲಿ ಬರೆದೆನಲ್ಲ, ಅದು ನನ್ನ ಅಜ್ಞಾನ. ವಾಲ್ಮೀಕಿ ಹೇಳಿದ್ದಾನೆ, ನಾವು ಕಿವಿಗೊಡಲಿಲ್ಲ.

ಬೆಂಗಳೂರಿಗೆ ಹಿಂದಿರುಗಿ ನಾನು ಬರೆದಿದ್ದ ತಂತ್ರಾಂಶವನ್ನು ತಿದ್ದಿದೆ. ಈಗ ಅದು ಇಪ್ಪತ್ತು ಸೆಕೆಂಡು ನೋಡಿ, ಚಕ್ರವನ್ನು ನಿಲ್ಲಿಸಿ, "ಸಂಪರ್ಕ ಕಡಿದಿದೆ. ಮತ್ತೆ ಪ್ರಯತ್ನಿಸುತ್ತಿದ್ದೇನೆ, ಸಿಕ್ಕಿದಾಗ ಸದ್ದು ಮಾಡಿ ತಿಳಿಸುತ್ತೇನೆ" ಎನ್ನುತ್ತದೆ. ಒಳಗೊಳಗೆ ಬಿಡುವು ಹೆಚ್ಚಿಸುತ್ತ ಕರೆಯುತ್ತಿರುತ್ತದೆ. ಧ್ವನಿಮುದ್ರಿಸಿದ ಕಥೆಯಾಗಿದ್ದರೆ ನಿಂತ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಸುತ್ತದೆ. ನೇರಪ್ರಸಾರವಾಗಿದ್ದರೆ ಈಗ ನಡೆಯುತ್ತಿರುವುದಕ್ಕೆ ಹೋಗಿ ಸೇರಿ, ನಡುವೆ ಇಷ್ಟು ನಿಮಿಷ ತಪ್ಪಿತೆಂದು ಒಪ್ಪಿಕೊಳ್ಳುತ್ತದೆ. ಇಪ್ಪತ್ತೇ ಏಕೆ, ಮೂವತ್ತೇಕಲ್ಲ ಎಂದು ಜೊತೆಗಾರರು ಕೇಳಿದರು. ಸರಿಯಾದ ಉತ್ತರ ನನ್ನಲ್ಲಿ ಇರಲಿಲ್ಲ. "ಕೆಟ್ಟ ಸುದ್ದಿಯನ್ನು ಇಷ್ಟು ಬೇಗ ಏಕೆ ಹೇಳಬೇಕು? ಜನ ಬೇರೆ ಕಡೆಗೆ ಹೋಗಿಬಿಡುತ್ತಾರೆ" ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಹೋಗಲಿ ಎಂದೆ. ಹೋಗುವ ದಾರಿಯಲ್ಲಿ ಗುಡ್ಡವಿರಬಹುದು.

ಯಂತ್ರವನ್ನು ತಿದ್ದುವುದು ಸುಲಭ. ತಿದ್ದಿದ ದಿನವೇ ನನಗೆ ಅಣ್ಣನ ನೆನಪಾಯಿತು. ಯಳಂದೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಅವನು ಬೇಸಾಯ ಮಾಡಿಕೊಂಡಿದ್ದಾನೆ. ನನ್ನ ಪಾಲಿನ ಎರಡು ಎಕರೆಯಲ್ಲಿ ನಾನು ಬಂದು ಏನಾದರೂ ಮಾಡುವೆನೋ, ಇಲ್ಲ ಅವನೇ ತೆಂಗಿನ ಸಸಿ ಇಟ್ಟುಬಿಡಲೋ ಎಂದು ಮೂರು ವರ್ಷದಿಂದ ಕೇಳುತ್ತಿದ್ದ. ಹಬ್ಬಕ್ಕೆ ಹೋದಾಗಲೆಲ್ಲ ನಾನು "ನೋಡೋಣ" ಎನ್ನುತ್ತಿದ್ದೆ. ನಮ್ಮ ಭಾಷೆಯಲ್ಲಿ "ನೋಡೋಣ" ಎಂಬುದಕ್ಕಿಂತ ನಯವಾದ ಮಾತಿಲ್ಲ. ಅದರೊಳಗೆ ಏನೂ ಇರಬೇಕಾಗಿಲ್ಲ, ಸುಮ್ಮನೆ ತಿರುಗುತ್ತಿದ್ದರೆ ಸಾಕು. ನಾನು ಹಳ್ಳಿಗೆ ಹಿಂದಿರುಗುವುದಿಲ್ಲವೆಂಬುದು ನನಗೆ ಮೊದಲ ವರ್ಷವೇ ಗೊತ್ತಿತ್ತು. ಅಣ್ಣನಿಗೆ ನೋವಾದೀತೆಂದು ಹೇಳಿರಲಿಲ್ಲ. ಅಥವಾ ಹೇಳಿದ ಮೇಲೆ ಊರೆಂಬುದು ನನಗೂ ಇಲ್ಲವಾಗುತ್ತದೆಂದು ಹೆದರಿದೆನೋ ಏನೋ.

ಅಂದು ರಾತ್ರಿ ದೂರವಾಣಿ ಮಾಡಿ, "ಅಣ್ಣ, ನಾನು ಬರೋದಿಲ್ಲ. ಭೂಮಿಯನ್ನ ನೀನೇ ನೋಡ್ಕೊ" ಎಂದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಸಂಪರ್ಕ ತಪ್ಪಿತೋ, ಮನಸ್ಸಿಗೆ ತಾಕಿತೋ ತಿಳಿಯದೆ ನಾನೂ ಸುಮ್ಮನೆ ಹಿಡಿದುಕೊಂಡಿದ್ದೆ. ಆಮೇಲೆ ಅವನ ದನಿ ಬಂತು:

"ಮೂರು ವರ್ಷದ ಹಿಂದೇನೇ ಹೇಳಿದ್ರೆ, ಇಷ್ಟೊತ್ತಿಗೆ ಸಸಿ ಸೊಂಟದುದ್ದ ಬಂದಿರೋವು ಕಣಪ್ಪ."